ಕೈಮರದಲ್ಲಿ ಮರಗಟ್ಟಿದ ಕೈ: ಒಂದು ಜೊತೆ ಗ್ಲೌಸ್‌ನ ಪ್ರಕರಣ

ಹೋದ ವರ್ಷ ನವೆಂಬರ್ ಕೊನೆಯಲ್ಲಿ ಆಲ್ದೂರಿನಿಂದ ಅತ್ತಿಗೆ ಫೋನ್ ಮಾಡಿದರು. "ಮಾರಾಯ, ನಿನ್ನ ಹತ್ರ ಆ ಹಿಮಾಲಯದ ಗ್ಲೌಸ್ ಇದೆಯಲ್ಲ, ಅದನ್ನ ತೆಗೆದಿಡು. ಜನವರಿಗೆ ನಾನೂ ಹೋಗ್ತಿದ್ದೀನಿ."

ಅಣ್ಣನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ತನ್ನ ಜೊತೆ ಅಮ್ಮನ ದುಡ್ಡನ್ನೂ ಕಟ್ಟಿಬಿಟ್ಟಿದ್ದಳು. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಶುರುವಾಗುವ ಮಧ್ಯೆ ಸಿಗುವ ಹತ್ತು ದಿನ, ಅದೇ ಅವರಿಗೆ ಬಿಡುವು. ಅತ್ತಿಗೆಗೆ 47 ವರ್ಷ. ದಿನಾ ತೋಟದಲ್ಲಿ ಏರಿಳಿಯುವ ಕಾಲು. ನಡೆಯುವ ವಿಷಯದಲ್ಲಿ ನನಗೆ ಚಿಂತೆಯೇ ಇರಲಿಲ್ಲ. ಆದರೆ ಗ್ಲೌಸ್ ಮಾತ್ರ ಕೊಡುವುದಿಲ್ಲ ಅಂದೆ.

ಕಾರಣ ಇತ್ತು. ನಾಲ್ಕು ವರ್ಷದ ಹಿಂದೆ ನಾನು ಅದೇ ಬೆಟ್ಟ ಹತ್ತಿದ್ದೆ. "ಸರ್, ಮೈನಸ್ ಇಪ್ಪತ್ತಕ್ಕೂ ಏನಾಗಲ್ಲ" ಎಂದು ಅಂಗಡಿಯೊಂದರಲ್ಲಿ ಕೊಟ್ಟ ಗ್ಲೌಸ್ ಅದು. ದಪ್ಪ ಎಷ್ಟೆಂದರೆ ಕೈಗೆ ದಿಂಬು ಕಟ್ಟಿಕೊಂಡ ಹಾಗೆ. ಸ್ವಲ್ಪ ಬಿಗಿಯಾಗಿತ್ತು. ಬಿಗಿ ಇದ್ದರೇ ಬೆಚ್ಚಗೆ ಅಂದುಕೊಂಡು ತಂದೆ. ಒಳಗಡೆ ಹತ್ತಿಯ ಲೈನಿಂಗ್. ಹಗಲು ಏರುವಾಗ ಅದು ಬೆವರು ಕುಡಿಯಿತು, ರಾತ್ರಿ ಟೆಂಟಿನಲ್ಲಿ ಆರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಹಾಕಿಕೊಂಡರೆ ಒದ್ದೆ ನೆಲಒರೆಸುವ ಬಟ್ಟೆಯೊಳಗೆ ಕೈ ತೂರಿಸಿದ ಹಾಗಾಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಶಾಖ ಸಾಗಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಅವತ್ತು ಅರ್ಥವಾಯಿತು. ಸಾಲದ್ದಕ್ಕೆ, ಬೂಟಿನ ಅಡಿಗೆ ಕಬ್ಬಿಣದ ಮುಳ್ಳಿನ ಸರಪಳಿ ಹಾಕಲು ಆ ದಿಂಬನ್ನು ಕಳಚಲೇಬೇಕಾಯಿತು. ಎಡಗೈ ಕಿರುಬೆರಳಿನ ತುದಿಗೆ ಆಮೇಲೆ ಮೂರು ವಾರ ಸ್ಪರ್ಶವೇ ಇರಲಿಲ್ಲ.

ಅದನ್ನೇ ಅತ್ತಿಗೆ ಕೈಗೆ ಹಾಕಿ ಕಳಿಸುವುದು ಹೇಗೆ? "ಒಂದು ಭಾನುವಾರ ಬನ್ನಿ, ಮೊದಲು ನಿಮ್ಮ ಕೈ ನೋಡೋಣ" ಅಂದೆ. "ಗ್ಲೌಸ್ ಕೇಳಿದ್ರೆ ಜಾತಕ ನೋಡ್ತೀನಿ ಅಂತೀಯಲ್ಲ" ಎಂದು ನಕ್ಕರು.

ಕೈಮರದಲ್ಲಿ ಕಂಡದ್ದು

ಡಿಸೆಂಬರ್ ಮೊದಲ ವಾರ. ಅತ್ತಿಗೆ ಹಿಂದಿನ ರಾತ್ರಿಯೇ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಿದ್ದರು. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಅವರು ಸ್ಕೂಟಿಯಲ್ಲಿ, ನಾನು ಹಿಂದೆ ಬೈಕಿನಲ್ಲಿ ಮುಳ್ಳಯ್ಯನಗಿರಿ ದಾರಿ ಹಿಡಿದೆವು. ಊರಿನಲ್ಲಿ 12 ಡಿಗ್ರಿ ಇತ್ತು. ಅವರ ಕೈಯಲ್ಲಿ ಜಾತ್ರೆಯಲ್ಲಿ ಕೊಂಡ ಹೆಣಿಗೆಯ ಗ್ಲೌಸ್. ಉಲ್ಲನ್ ಎಂದು ಮಾರುತ್ತಾರೆ, ಅಸಲಿಗೆ ಅಕ್ರಿಲಿಕ್ ದಾರ.

ಕೈಮರದ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿ ಅವರು ಗ್ಲೌಸ್ ತೆಗೆದರು. ನಾನು ಗಾಬರಿಯಾದೆ. ಎರಡೂ ಕೈಯ ಮೂರು ಮೂರು ಬೆರಳು ಎರಡನೇ ಗೆಣ್ಣಿನವರೆಗೆ ಮೇಣದ ಬತ್ತಿಯಷ್ಟು ಬಿಳಿ. ಗೆರೆ ಎಳೆದ ಹಾಗೆ ಅಲ್ಲಿಗೇ ನಿಂತಿದೆ, ಕೆಳಗೆ ಮಾಮೂಲಿ ಬಣ್ಣ. ಅವರು ಮಾತ್ರ ನಗುತ್ತಿದ್ದರು. "ಕೈಮರಕ್ಕೆ ಬಂದ್ರೆ ಕೈ ಮರಗಟ್ಟದೇ ಇರುತ್ತಾ?"

ಕಾಫಿ ಲೋಟ ಹಿಡಿದು ಕೂತಾಗ ಬಿಳಿ ಹೋಗಿ ನೀಲಿ ಬಂತು, ನೀಲಿ ಹೋಗಿ ಕೆಂಪಾಯಿತು. ಕೆಂಪಾಗುವಾಗ ಮೆಣಸಿನಕಾಯಿ ಅರೆದ ಕೈಯ ಹಾಗೆ ಉರಿ. ಎಲ್ಲ ಸೇರಿ ಇಪ್ಪತ್ತು ನಿಮಿಷ. "ಯಾವಾಗಿಂದ ಹೀಗೆ?" ಎಂದರೆ, "ಡೈರಿಗೆ ಹಾಲು ಹಾಕಕ್ಕೆ ಹೋಗುವಾಗ ಚಳಿಗಾಲದಲ್ಲಿ ಆಗುತ್ತಪ್ಪ. ಬಚ್ಚಲೊಲೆ ಮುಂದೆ ಕೂತ್ರೆ ಸರಿ ಹೋಗುತ್ತೆ" ಅಂದರು. ಎಷ್ಟೋ ವರ್ಷದಿಂದ ಹೀಗೇ ಅಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

12 ಡಿಗ್ರಿಗೇ ಹೀಗಾದರೆ ಅಲ್ಲೇನು ಗತಿ? ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಕೇದಾರಕಂಠದ ತುದಿ ಸುಮಾರು 3,810 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಎತ್ತರದ ಲೆಕ್ಕವೊಂದರಲ್ಲೇ 17-18 ಡಿಗ್ರಿ ಹೋಯಿತು. ಅದು ಉತ್ತರದ ಊರು, ಅದಕ್ಕೂ ಒಂದಷ್ಟು ಕಳೆಯಬೇಕು. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿದೆ. ನಮಗೆ ಎಲ್ಲಿ ಬೆಟ್ಟ ಮುಗಿಯುತ್ತದೋ ಅಲ್ಲಿ ಅವರಿಗೆ ಮನೆ ಅಂಗಳ.

ಗಾಳಿಯ ಲೆಕ್ಕ ಬೇರೆ. ಗಾಳಿ 10 ಡಿಗ್ರಿ ಇದ್ದಾಗ 50 ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿಯ ಚರ್ಮಕ್ಕೆ ಐದಾರು ಡಿಗ್ರಿಯ ಹಾಗೆ ತಾಗುತ್ತದೆ. ಮೈನಸ್ 10ರಲ್ಲಿ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈನಸ್ 20ರ ಹಾಗೆ. ಹೆಣಿಗೆಯ ಗ್ಲೌಸ್‌ನಲ್ಲಿ ತೂತಿಗಿಂತ ದಾರ ಕಡಿಮೆ. ನಿಂತಲ್ಲಿ ಬೆಚ್ಚಗಿರುತ್ತದೆ, ಸ್ಕೂಟಿ ಹತ್ತಿದ ತಕ್ಷಣ ಸೊಳ್ಳೆಪರದೆ ಕಟ್ಟಿಕೊಂಡ ಹಾಗೆ.

ಗ್ಲೌಸ್‌ಗಿಂತ ಮೊದಲು ಡಾಕ್ಟರು

ಅವತ್ತು ಬೆಟ್ಟ ಹತ್ತಲಿಲ್ಲ. ಮಾರನೇ ದಿನ ಡಾಕ್ಟರ ಹತ್ತಿರ ಹೋದೆವು. ಫೋನಿನಲ್ಲಿ ತೆಗೆದಿದ್ದ ಬಿಳಿ ಬೆರಳಿನ ಫೋಟೋ ನೋಡಿ ಅವರು ರೇನೋ ಅಂದರು. ಮಾರಿಸ್ ರೇನೋ ಎಂಬ ಫ್ರೆಂಚ್ ವೈದ್ಯ 1862ರಲ್ಲಿ ವಿವರಿಸಿದ ತೊಂದರೆ. ಚಳಿ ತಾಗಿದಾಗ ಎಲ್ಲರ ಬೆರಳಿನ ರಕ್ತನಾಳವೂ ಕುಗ್ಗುತ್ತದೆ. ಇಂಥವರಲ್ಲಿ ಅದು ಅತಿಯಾಗಿ ಕುಗ್ಗಿ ರಕ್ತ ಹೋಗುವುದೇ ನಿಲ್ಲುತ್ತದೆ. ಹೆಂಗಸರಲ್ಲಿ ಜಾಸ್ತಿ. ಬಹಳ ಮಂದಿಗೆ ಅದರಿಂದ ದೊಡ್ಡ ಅಪಾಯವಿಲ್ಲ, ಕೆಲವರಲ್ಲಿ ಮಾತ್ರ ಹಿಂದೆ ಬೇರೆ ಕಾಯಿಲೆ ಇರಬಹುದು. ಹಾಗಾಗಿ ರಕ್ತಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ದಿನಾ ಯಾವ ಮಾತ್ರೆ ತಗೋತೀರಿ?" ಅತ್ತಿಗೆಗೆ ಅರೆತಲೆನೋವು. ಅದಕ್ಕೆ ಪ್ರೊಪ್ರನಾಲಾಲ್ ನುಂಗುತ್ತಿದ್ದರು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಅದು. ಕೆಲವರಿಗೆ ಅದರಿಂದಲೇ ಕೈಕಾಲು ಇನ್ನಷ್ಟು ತಣ್ಣಗಾಗುತ್ತದೆ. ಡಾಕ್ಟರು ಒಂದೇ ಸಲಕ್ಕೆ ನಿಲ್ಲಿಸಬೇಡಿ ಎಂದು ಎಚ್ಚರಿಸಿ, ಮೆಲ್ಲಗೆ ಇಳಿಸಿ ಬೇರೆ ಮಾತ್ರೆಗೆ ಬದಲಾಯಿಸಿದರು. ಎರಡು ವಾರದಲ್ಲಿ ಡೈರಿಗೆ ಹೋಗುವಾಗ ಬಿಳಿಯಾಗುವುದು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಎರಡು ಮಾತನ್ನು ಅವರು ಖಂಡಿತವಾಗಿ ಹೇಳಿದರು. ಮರಗಟ್ಟಿದ ಬೆರಳನ್ನು ಬೆಂಕಿಗೆ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಹಿಮದಿಂದ ಉಜ್ಜಲೂ ಬೇಡಿ. ಬಚ್ಚಲೊಲೆ ಮುಂದೆ ಕೈ ಚಾಚಿ ಬೆಳೆದ ನಮಗೆ ಮೊದಲನೆಯದು ನುಂಗಲು ಕಷ್ಟವಾಯಿತು. ಕಂಕುಳು, ಇಲ್ಲವೇ ಹದ ಬೆಚ್ಚಗಿನ ನೀರು, ಅಷ್ಟೇ ಸರಿ.

ಕೈ ಏನೇನು ಮಾಡುತ್ತದೆ?

ಅಂಗಡಿಗೆ ಹೋಗುವ ಮೊದಲು ಅತ್ತಿಗೆಗೆ ಒಂದು ನೋಟ್‌ಬುಕ್ ಕೊಟ್ಟು, ಬೆಟ್ಟದಲ್ಲಿ ಕೈ ಮಾಡುವ ಕೆಲಸಗಳನ್ನು ನೆನೆಸಿಕೊಂಡು ಬರೆಯೋಣ ಅಂದೆ. ನನ್ನ ಹಳೆಯ ತಪ್ಪು ಇದೇ. ಎಷ್ಟು ಚಳಿ ಎಂದು ಕೇಳಿದ್ದೆ, ಕೈಗೆ ಏನು ಕೆಲಸ ಎಂದು ಕೇಳಿರಲಿಲ್ಲ.

ಹಗಲು ಬಿಸಿಲಲ್ಲಿ ಕೋಲು ಹಿಡಿದು ಏರುವುದು. ಬೆವರುವ ಹೊತ್ತು ಅದು, ದಪ್ಪ ಗ್ಲೌಸ್ ಶತ್ರು. ಸಂಜೆ ಟೆಂಟಿನ ಜಿಪ್, ತಟ್ಟೆ, ಬಾಟಲಿ ಮುಚ್ಚಳ. ರಾತ್ರಿ ಬಹಿರ್ದೆಸೆ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಮೈನಸ್ ಹತ್ತರಲ್ಲಿ ಐದು ನಿಮಿಷ ಕೈ ಹೊರಗಿಡಬೇಕಾಗುವುದು ಆಗಲೇ ಅಲ್ವಾ? ಕೊನೆಯ ದಿನ ಬೆಳಗಿನ ಜಾವ ಮೂರರಿಂದ ಏಳರವರೆಗೆ ಕತ್ತಲು, ಗಾಳಿ, ಕೈಯಲ್ಲಿ ಕೋಲು ಬಿಟ್ಟರೆ ಬೇರೆ ಕೆಲಸವಿಲ್ಲ. ಇಳಿಯುವಾಗ ಹಿಮದಲ್ಲಿ ಜಾರಿ ಬೀಳುವುದು, ಅಂದರೆ ಒದ್ದೆ. ಮಧ್ಯೆ ಮಧ್ಯೆ ಫೋಟೋ.

ಬರೆದು ನೋಡಿದರೆ ಒಂದೇ ಗ್ಲೌಸ್ ಇಷ್ಟನ್ನೂ ಮಾಡಲಾರದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಸೂಕ್ಷ್ಮ ಕೆಲಸದ ಹೊತ್ತಿಗೆ ತೆಳು, ಸುಮ್ಮನೆ ಹಿಡಿದು ನಡೆಯುವ ಹೊತ್ತಿಗೆ ದಪ್ಪ. ಮುಖ್ಯವಾದ್ದು ಇನ್ನೊಂದು: ದಪ್ಪದ್ದನ್ನು ತೆಗೆದಾಗಲೂ ಕೈ ಬರಿದಾಗಬಾರದು. ಹಾಗಾಗಿ ಒಳಗೆ ಸದಾ ಒಂದು ತೆಳು ಗ್ಲೌಸ್.

ಬೆರಳಿರುವ ಗ್ಲೌಸೋ ಮಿಟನ್ನೋ ಎಂಬ ಜಗಳವೂ ಇಲ್ಲೇ ಮುಗಿಯಿತು. ಮಿಟನ್ ಎಂದರೆ ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೆ ಸೇರಿ ಒಂದೇ ಮನೆ. ಗ್ಲೌಸ್ ಪಾಲಾದ ಸಂಸಾರ. ಐದು ಬೆರಳಿಗೆ ಐದು ಒಲೆ, ಪ್ರತಿ ಬೆರಳಿನ ಸುತ್ತ ನಾಲ್ಕೂ ಕಡೆ ಚಳಿ. ಮಿಟನ್ ಕೂಡು ಕುಟುಂಬ, ಒಬ್ಬರ ಬಿಸಿ ಇನ್ನೊಬ್ಬರಿಗೆ. ಅದೇ ದಪ್ಪದಲ್ಲಿ ಮಿಟನ್ ಯಾವಾಗಲೂ ಹೆಚ್ಚು ಬೆಚ್ಚಗೆ. ಆದರೆ ಕೂಡು ಕುಟುಂಬದಲ್ಲಿ ಯಾರಿಗೂ ಸ್ವಂತ ಕೆಲಸ ಮಾಡಲು ಆಗುವುದಿಲ್ಲ. ರೇನೋ ಇರುವ ಕೈಗೆ ತುದಿ ಏರುವ ರಾತ್ರಿ ಮಿಟನ್ನೇ ಎಂದು ತೀರ್ಮಾನಿಸಿದೆವು. ಮೂರು ಬೆರಳಿನ ನಡುವಿನ ಜಾತಿಯೂ ಒಂದಿದೆ, ಏಡಿಯ ಕೊಂಡಿಯ ಹಾಗೆ. ಅತ್ತಿಗೆ ಅದನ್ನು ನೋಡಿಯೇ ಬೇಡ ಅಂದರು.

ಅಂಗಡಿಯಲ್ಲಿ

ಅಳತೆ ಮನೆಯಲ್ಲೇ ತೆಗೆದೆವು. ಟೈಲರ್ ಟೇಪನ್ನು ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಸುತ್ತಿದರೆ ಎಷ್ಟು ಇಂಚೋ ಅದೇ ಗ್ಲೌಸಿನ ಸೈಜು. ಅವರದು ಏಳು. ಎಸ್, ಎಂ, ಎಲ್ ಎಂಬುದನ್ನು ನಂಬಬೇಡಿ, ಕಂಪನಿಗೊಂದು ಲೆಕ್ಕ. ಒಳಗಿನದು ಮೈಗಂಟಿಕೊಂಡಿರಲಿ. ಹೊರಗಿನದು ಒಂದೆರಡು ಸೈಜು ದೊಡ್ಡದಿರಬೇಕು. ಮುಷ್ಟಿ ಕಟ್ಟಿದರೆ ಬೆರಳ ತುದಿ ಬಟ್ಟೆಗೆ ಒತ್ತಬಾರದು. ಗ್ಲೌಸ್ ತಾನಾಗಿ ಬಿಸಿ ಕೊಡುವುದಿಲ್ಲ, ಕೈಯ ಬಿಸಿಯನ್ನು ಕಾಯುತ್ತದೆ ಅಷ್ಟೆ. ಆ ಕಾಯುವ ಕೆಲಸ ಮಾಡುವುದು ನಡುವೆ ಸಿಕ್ಕಿಕೊಂಡ ಗಾಳಿ. ಬಿಗಿಯಾದರೆ ಗಾಳಿಯೂ ಇಲ್ಲ, ರಕ್ತವೂ ಸಲೀಸಾಗಿ ಓಡುವುದಿಲ್ಲ. ನನ್ನ ದಿಂಬಿನ ಕಥೆ ಅದೇ.

ಬೆಂಗಳೂರಿನಲ್ಲಿ ಮಗಳ ಜೊತೆ ಮೂವರೂ ಸುತ್ತಿದೆವು. ತೆಳು ಒಳಗ್ಲೌಸ್ ಎರಡು ಜೊತೆ ಕೊಂಡೆವು. ಮೆರಿನೋ ಉಣ್ಣೆಗೆ ಸ್ವಲ್ಪ ಸಿಂಥೆಟಿಕ್ ಬೆರೆಸಿದ್ದು. ಹತ್ತಿಯದನ್ನು ಮುಟ್ಟಲೂ ಇಲ್ಲ. ಹಗಲಿಗೆ ಗಾಳಿ ತಡೆಯುವ ಫ್ಲೀಸ್ ಗ್ಲೌಸ್ ಒಂದು ಜೊತೆ. ಅಲ್ಲಿಗೆ ಸುಲಭದ್ದು ಮುಗಿಯಿತು.

ಹೊರಗಿನ ಮಿಟನ್ನೇ ಕಷ್ಟ. ಚೀಟಿಗಳ ಭಾಷೆ ಬೇರೆ. ಥಿನ್ಸುಲೇಟ್ ಎಂಬುದು ಒಳಗೆ ತುಂಬುವ ಸಿಂಥೆಟಿಕ್ ಎಳೆ. ಅದರ ಮುಂದೆ 40, 100, 200 ಎಂದಿದ್ದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತುಂಬಿದೆ ಎಂದರ್ಥ, ಅದು ಡಿಗ್ರಿ ಅಲ್ಲ. ಅಂಗಡಿಯ ಹುಡುಗ 'ಇನ್ನೂರು ಅಂದ್ರೆ ತುಂಬಾ ಚಳಿಗೆ' ಅಂದದ್ದು ಅರ್ಧ ಸರಿ. ಪ್ರೈಮಾಲಾಫ್ಟ್ ಇನ್ನೊಂದು ಸಿಂಥೆಟಿಕ್ ತುಂಬು. 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹಕ್ಕಿಯ ಪುಕ್ಕದ ಬದಲಿಗೆ ಮಾಡಿದ್ದು. ಪುಕ್ಕ ಒಣಗಿದ್ದಾಗ ಅದಕ್ಕೆ ಸಾಟಿ ಇಲ್ಲ, ನೆನೆದರೆ ಮುದ್ದೆ. ಬಿದ್ದು ಏಳುವ ಕೈಗೆ ಸಿಂಥೆಟಿಕ್ಕೇ ವಾಸಿ. ಗೋರ್‌ಟೆಕ್ಸ್ ಎಂದರೆ ಬೆವರಿನ ಆವಿಯನ್ನು ಹೊರಗೆ ಬಿಟ್ಟು ನೀರಿನ ಹನಿಯನ್ನು ಒಳಗೆ ಬಿಡದ ಪೊರೆ. ಅದರ ಮೂಲವಸ್ತುವನ್ನು ಬಾಬ್ ಗೋರ್ ಕಂಡುಕೊಂಡದ್ದು 1969ರಲ್ಲಿ. ಅದು ಬೆಚ್ಚಗೆ ಮಾಡುವುದಿಲ್ಲ, ಬರೀ ಸೂರಿದ್ದ ಹಾಗೆ.

'ವಾಟರ್‌ಪ್ರೂಫ್' ಎಂದು ದೊಡ್ಡದಾಗಿ ಬರೆದ ಒಂದು ಮಿಟನ್ ಅತ್ತಿಗೆಗೆ ಬಣ್ಣದಿಂದ ಹಿಡಿಸಿತು, ಕೊಂಡೆವು. ಮನೆಗೆ ತಂದು ಬಚ್ಚಲಲ್ಲಿ ಬಕೆಟ್ ನೀರಿಗೆ ಮಣಿಕಟ್ಟಿನವರೆಗೆ ಅದ್ದಿ ಐದು ನಿಮಿಷ ಹಿಡಿದರೆ ಹೊಲಿಗೆಯಲ್ಲೆಲ್ಲ ಜಿನುಗಿತು. ಬಟ್ಟೆ ನೀರು ಬಿಡುತ್ತಿರಲಿಲ್ಲ, ಸೂಜಿ ತೂತು ಬಿಡುತ್ತಿತ್ತು. ಹಿಂದಿರುಗಿಸಲು ಹೋದರೆ ಒದ್ದೆಯಾಗಿದೆ ಎಂದು ವಾಪಸ್ ತೆಗೆದುಕೊಳ್ಳಲಿಲ್ಲ! ಮಳೆಗೆ ಮಾಡಿದ್ದು ನೆನೆದಿದೆ ಎಂದು ತಕರಾರು. ಎರಡನೇ ಸಲ, ಒಳಗಡೆ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ, ಮೊಣಕೈ ಕಡೆಗೆ ಉದ್ದ ಬಂದು ದಾರ ಎಳೆದರೆ ಬಿಗಿಯಾಗುವ ಬರೀ ಹೊರಕವಚ ಕೊಂಡೆವು. ಅದರೊಳಗೆ ಏನೂ ತುಂಬಿಲ್ಲ. ತುಂಬುವುದು ನಮ್ಮ ಕೆಲಸ.

ಕಂಬಳಿ ಮತ್ತು ಐಸ್‌ಕ್ರೀಮ್

ಇಷ್ಟೆಲ್ಲ ನೋಡುತ್ತಿದ್ದ ನನ್ನ ಅಮ್ಮನಿಗೆ ತಡೆಯಲಾಗಲಿಲ್ಲ. "ನಾಲ್ಕು ಸಾವಿರ ಕೊಟ್ಟು ಖಾಲಿ ಚೀಲ ತಂದ್ರಾ? ಅಟ್ಟದ ಮೇಲೆ ನಿಮ್ಮಪ್ಪನ ಕಂಬಳಿ ಇದೆ, ಅದನ್ನ ಹೊಲಿದು ಕೊಡ್ತೀನಿ" ಅಂದರು. ನಾವು ನಕ್ಕೆವು. ಅವರು ನಗಲಿಲ್ಲ. ಕಂಬಳಿಯ ಒಂದು ತುಂಡನ್ನು ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ತಿಕ್ಕಿದರು. ಉಣ್ಣೆ ಹಾಗೆ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಒಣಗಿಸಿ ಎರಡು ಮಿಟನ್ ಹೊಲಿದರು. ಚುಚ್ಚುತ್ತದೆ ಎಂದರೆ "ಒಳಗೆ ಇನ್ನೊಂದು ಹಾಕ್ಕೋತೀಯಲ್ಲ" ಎಂದು ಅತ್ತಿಗೆಗೆ ಉತ್ತರ.

ಯೋಚಿಸಿದರೆ ಅಮ್ಮ ಹೇಳಿದ್ದು ನಮ್ಮ ಕಡೆಯ ಹಳೇ ಲೆಕ್ಕವೇ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದವರು ಎಷ್ಟೇ ನೆನೆದರೂ ಒಳಗೆ ಬೆಚ್ಚಗಿರುತ್ತಿದ್ದರು. ನಾಟಿ ಹೆಂಗಸರ ಬೆನ್ನಿನ ಗೊರಬು ಬಿಸಿ ಕೊಡುತ್ತಿರಲಿಲ್ಲ, ನೀರು ಗಾಳಿ ತಡೆಯುತ್ತಿತ್ತು. ಕಂಬಳಿ ಬಿಸಿ ಕಾಯಬೇಕು, ಗೊರಬು ಮಳೆ ಕಾಯಬೇಕು. ಎರಡೂ ಕೆಲಸವನ್ನು ಒಂದಕ್ಕೇ ಹೇಳಿದರೆ ಎರಡೂ ಕೆಡುತ್ತದೆ. ಆಸ್ಟ್ರಿಯಾದಲ್ಲಿ ಹೀಗೇ ಕುದಿಸಿ ಕುಗ್ಗಿಸಿದ ಉಣ್ಣೆಯ ಡಾಕ್‌ಸ್ಟೈನ್ ಮಿಟನ್‌ಗಳನ್ನು ಪರ್ವತಾರೋಹಿಗಳು ಎಷ್ಟೋ ಕಾಲ ಬಳಸಿದ್ದಾರೆ. 1953ರ ಮೇ 29ರಂದು ಎವರೆಸ್ಟ್ ತುದಿ ಮುಟ್ಟಿದ ಹಿಲರಿಯ ಕೈಯಲ್ಲಿದ್ದದ್ದೂ ಮೂರು ಪದರ: ರೇಷ್ಮೆ, ಉಣ್ಣೆ, ಮೇಲೆ ಗಾಳಿ ತಡೆಯುವ ಬಟ್ಟೆ. ಇದನ್ನು ಹೇಳಿದ ಮೇಲೆ ಅಮ್ಮ ಎರಡು ದಿನ ನೆಲದ ಮೇಲೆ ಇರಲಿಲ್ಲ.

ಪರೀಕ್ಷೆ ಎಲ್ಲಿ? ಹಾಸನದಲ್ಲಿ ನನ್ನ ಸ್ನೇಹಿತನದು ಐಸ್‌ಕ್ರೀಮ್ ಏಜೆನ್ಸಿ. ಅವನ ಕೋಲ್ಡ್ ರೂಮು ಮೈನಸ್ 20. ಬೇಲೂರು ದಾಟಿ ಹೋಗಿ ಒಂದು ಮಧ್ಯಾಹ್ನ ಅಲ್ಲಿ ಕಳೆದೆವು. ಅಲ್ಲಿ ಪೆಟ್ಟಿಗೆ ಎತ್ತುವ ಹುಡುಗರ ಗ್ಲೌಸ್ ಮೇಲೆ ಹಿಮದ ಹರಳಿನ ಗುರುತು, ಕೆಳಗೆ ಮೂರು ಅಂಕಿ. ಇಎನ್ 511 ಎಂಬ ಯುರೋಪಿನ ಮಾನದಂಡ ಅದು. ಮೊದಲ ಅಂಕಿ ಸುತ್ತಲಿನ ಚಳಿಗೆ, ಎರಡನೆಯದು ತಣ್ಣನೆ ವಸ್ತು ಮುಟ್ಟಿದಾಗಿನ ಚಳಿಗೆ, ಎರಡಕ್ಕೂ 0ಯಿಂದ 4. ಮೂರನೆಯದು ನೀರಿಗೆ, 0 ಅಥವಾ 1. ಚಾರಣದ ಗ್ಲೌಸ್‌ನಲ್ಲಿ ಈ ಗುರುತು ನಮಗೆ ಎಲ್ಲೂ ಸಿಗಲಿಲ್ಲ. 'ಮೈನಸ್ ಇಪ್ಪತ್ತು' ಎಂಬ ಬಾಯಿಮಾತಿಗಿಂತ ಈ ಮೂರು ಅಂಕಿ ಎಷ್ಟೋ ಮೇಲು.

ಅತ್ತಿಗೆ ಪೂರ್ತಿ ಜಾಕೆಟ್, ಟೋಪಿ ಹಾಕಿಕೊಂಡು, ಕೋಲಿನ ಬದಲು ಒಂದು ಸ್ಟೀಲ್ ಬಾಟಲಿ ಹಿಡಿದು ಒಳಗೆ ನಿಲ್ಲುವುದು, ಬೆರಳು ನೋಯಲು ಶುರುವಾದ ತಕ್ಷಣ ಹೊರಗೆ ಬರುವುದು. ಎರಡು ಪರೀಕ್ಷೆಯ ಮಧ್ಯೆ ಅರ್ಧ ಗಂಟೆ, ಒಂದು ಟೀ. ನನ್ನ ಹಳೇ ದಿಂಬಿನಲ್ಲಿ ಆರು ನಿಮಿಷ. ಫ್ಲೀಸ್ ಗ್ಲೌಸ್ ಒಳಗೆ ತೆಳುವಿನದು ಹಾಕಿ ಎಂಟು. ತೆಳು, ಕಂಬಳಿ, ಹೊರಕವಚ ಮೂರೂ ಸೇರಿದಾಗ ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಸ್ನೇಹಿತನೇ ಬಾಗಿಲು ತಟ್ಟಿ, "ಅಕ್ಕಾ, ಕರೆಂಟ್ ಬಿಲ್ ನಂದು" ಅಂದ. ಒಂದು ಜೋಡಿ ಕೈ, ಒಂದು ಮಧ್ಯಾಹ್ನ. ಇದು ಪ್ರಯೋಗಶಾಲೆಯ ಮಾತಲ್ಲ, ಆದರೆ ನಮಗೆ ಬೇಕಾದದ್ದು ಆ ಒಂದು ಜೋಡಿ ಕೈಯ ಮಾತೇ ತಾನೆ.

ಒಂದು ತಪ್ಪು ಅಲ್ಲೇ ಸಿಕ್ಕಿತು. ಬಲಗೈಗಿಂತ ಎಡಗೈ ಬೇಗ ತಣ್ಣಗಾಗುತ್ತಿತ್ತು. ನೋಡಿದರೆ ಬಳೆ. ಹೊರಕವಚದ ದಾರ ಬಳೆಯ ಮೇಲೆ ಕೂತು ಮಣಿಕಟ್ಟಿನಲ್ಲಿ ಸಂದು ಬಿಟ್ಟಿತ್ತು. ಉಂಗುರವೂ ಬಿಗಿ. ಬಳೆ ತೆಗೆದು ಹೋಗುವ ವಿಷಯದಲ್ಲಿ ಅಮ್ಮನಿಗೂ ಅತ್ತಿಗೆಗೂ ಆದ ಮಾತುಕತೆ ಇಲ್ಲಿ ಬೇಡ. ಕೊನೆಗೆ ತೆಗೆದೇ ಹೋದರು.

ಹೊರಡುವ ಮುನ್ನ ಹೊರಕವಚ ಎರಡಕ್ಕೂ ದಾರ ಹಾಕಿ ಕೈಗೆ ಸಿಕ್ಕಿಸುವಂತೆ ಮಾಡಿದೆ. ಮಕ್ಕಳಿಗೆ ಕಟ್ಟಿದ ಹಾಗಿದೆ ಎಂದು ಮಗಳು ಆಡಿಕೊಂಡಳು. 1950ರ ಜೂನ್‌ನಲ್ಲಿ ಹಿಮಾಲಯದ ಅನ್ನಪೂರ್ಣ ಶಿಖರದಿಂದ ಇಳಿಯುವಾಗ ಫ್ರೆಂಚ್ ಪರ್ವತಾರೋಹಿ ಮಾರಿಸ್ ಹರ್ಜೋಗ್ ಕೈಯಿಂದ ಗ್ಲೌಸ್ ಜಾರಿ ಇಳಿಜಾರಿನಲ್ಲಿ ಉರುಳಿಹೋಯಿತು. ಚೀಲದಲ್ಲಿದ್ದ ಹೆಚ್ಚುವರಿ ಕಾಲುಚೀಲವನ್ನು ಕೈಗೆ ಹಾಕಿಕೊಳ್ಳಬಹುದಿತ್ತು, ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಆತ ಬೆರಳುಗಳನ್ನು ಕಳೆದುಕೊಂಡ. ಇದನ್ನು ಹೇಳಿದ ಮೇಲೆ ಅವಳೂ ತನ್ನದಕ್ಕೆ ದಾರ ಕಟ್ಟಿಸಿಕೊಂಡಳು.

ಬೆಟ್ಟದಲ್ಲಿ ಆದದ್ದು

ನಾನು ಹೋಗಿರಲಿಲ್ಲ. ಮುಂದಿನದ್ದೆಲ್ಲ ಅತ್ತಿಗೆಯ ನೋಟ್‌ಬುಕ್ಕಿನಿಂದ, ಮಗಳ ಬಾಯಿಂದ.

ಮೊದಲ ದಿನ ತೆಳು ಗ್ಲೌಸ್ ಸಾಕಾಯಿತು. ಬೆವರಿದ್ದನ್ನು ರಾತ್ರಿ ಎದೆಗೆ, ಅಂಗಿಯ ಒಳಗೆ ಇಟ್ಟುಕೊಂಡು ಮಲಗಿದರು, ಬೆಳಗ್ಗೆ ಒಣಗಿತ್ತು. ಎರಡನೇ ಸಂಜೆ ಮಲಗುವ ಚೀಲದೊಳಗೆ ಬೆಚ್ಚಗಿದ್ದರೂ ಹತ್ತೂ ಬೆರಳಿಗೆ ಜುಮುಜುಮು ಶುರುವಾಯಿತು. ಹಿಮ ಕಡಿಯಿತೆಂದು ಹೆದರಿದರು. ಬಣ್ಣ ನೋಡಿದರೆ ಗುಲಾಬಿ, ಮುಟ್ಟಿದರೆ ಬಿಸಿ. ಮಗಳಿಗೆ ಆಗ ಡಾಕ್ಟರು ಹೇಳಿದ್ದು ನೆನಪಾಯಿತು. ಎತ್ತರದ ತೊಂದರೆಗೆಂದು ಕೊಟ್ಟಿದ್ದ ಡೈಯಾಮಾಕ್ಸ್ ಮಾತ್ರೆಗೆ ಬೆರಳಲ್ಲಿ ಜುಮುಜುಮು ಆಗುವುದು ಮಾಮೂಲಿ. ಚಳಿಯದಾಗಿದ್ದರೆ ಬೆರಳು ತಣ್ಣಗೆ, ಬಿಳಿಯಾಗಿ, ಕೊನೆಗೆ ನೋವೂ ಇಲ್ಲದೆ ಇರುತ್ತಿತ್ತು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಅಂದೇ ಇಳಿದುಬಿಡುತ್ತಿದ್ದರು.

ತುದಿಯ ರಾತ್ರಿ ಕ್ಯಾಂಪಿನಲ್ಲಿ ಮೈನಸ್ 9. ಬೂಟಿನ ಮುಳ್ಳು ಸರಪಳಿಯನ್ನು ತೆಳು ಗ್ಲೌಸಿನಲ್ಲೇ ಹಾಕಿಕೊಂಡು, ಮೇಲೆ ಕಂಬಳಿ, ಅದರ ಮೇಲೆ ಕವಚ. ಒಂದೂವರೆ ಗಂಟೆ ಕೈಯ ನೆನಪೇ ಇರಲಿಲ್ಲ ಎಂದು ಬರೆದಿದ್ದಾರೆ. ತೊಂದರೆ ಬಂದದ್ದು ನಿಂತಾಗ. ಜನವರಿಯಲ್ಲಿ ಅಲ್ಲಿ ಜನಜಾತ್ರೆ. ಕಡಿದಾದ ಕಡೆ ಸಾಲು ನಿಂತು ಅರ್ಧ ಗಂಟೆ ಕಾದರು. ಮೈ ತಣ್ಣಗಾಯಿತು, ಮೈ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತ ಕಡಿಮೆ ಮಾಡಿ ಹೊಟ್ಟೆ ಎದೆ ಉಳಿಸಿಕೊಳ್ಳುತ್ತದೆ. ಬಲಗೈ ಕೋಲನ್ನು ಬಿಗಿಯಾಗಿ ಹಿಡಿದಿತ್ತು. ಅದರ ಎರಡು ಬೆರಳು ಸತ್ತ ಹಾಗಾಯಿತು.

ಮಗಳು ಶಾಖದ ಪೊಟ್ಟಣ ಹರಿದು ಮಿಟನ್ನೊಳಗೆ ಹಾಕಿದಳು. ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದ ಜೊತೆ ಸೇರಿ ತುಕ್ಕು ಹಿಡಿಯುವಾಗ ಬಿಸಿಯಾಗುವ ಪೊಟ್ಟಣ ಅದು. ಮೂರು ಪದರದೊಳಗೆ ಗಾಳಿ ಎಲ್ಲಿ? ಮೇಲಾಗಿ ಎತ್ತರದಲ್ಲಿ ಆಮ್ಲಜನಕವೇ ಕಡಿಮೆ. ಅದು ಉಗುರು ಬೆಚ್ಚಗೂ ಆಗಲಿಲ್ಲ. ಮಧ್ಯಾಹ್ನ ಕ್ಯಾಂಪಿನಲ್ಲಿ, ಬೇಡವಾದಾಗ, ಜೇಬಿನಲ್ಲಿ ಸುಡುತ್ತಿತ್ತಂತೆ. ನೂರೈವತ್ತು ರೂಪಾಯಿ ದಂಡ.

ಕೆಲಸ ಮಾಡಿದ್ದು ಗೈಡ್ ಹೇಳಿದ ಉಪಾಯ. ಕೋಲು ಬಿಟ್ಟು, ತೋಳನ್ನು ನೇರವಾಗಿ ಗಾಣದ ಹಾಗೆ ಜೋರಾಗಿ ತಿರುಗಿಸುವುದು. ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಜೊತೆಗೆ ಇನ್ನೊಂದು ಜಾಕೆಟ್, ಎರಡು ಕಡಲೆಬೀಜದ ಚಿಕ್ಕಿ. ಹತ್ತು ನಿಮಿಷಕ್ಕೆ ಉರಿಯುತ್ತಾ ಬೆರಳು ವಾಪಸ್ ಬಂತು. "ಆ ಉರಿ ಅಷ್ಟು ಖುಷಿ ಕೊಟ್ಟಿದ್ದು ಜೀವನದಲ್ಲೇ ಮೊದಲು" ಎಂದು ಬರೆದಿದ್ದಾರೆ. ಏಳೂವರೆಗೆ ತುದಿಯಲ್ಲಿದ್ದರು.

ನನ್ನ ಲೆಕ್ಕ ತಪ್ಪಿದ್ದು ಇಲ್ಲಿ. ಕೈಯ ಬಗ್ಗೆ ಎರಡು ತಿಂಗಳು ತಲೆ ಕೆಡಿಸಿಕೊಂಡ ನಾನು, ನಿಂತಾಗ ಹಾಕಿಕೊಳ್ಳುವ ಜಾಕೆಟ್ ಚೀಲದ ತಳದಲ್ಲಿ ಇರಬಾರದು, ಮೇಲೆ ಇರಬೇಕು ಎಂದು ಹೇಳಿರಲಿಲ್ಲ. ಕಂಬಳಿ ಮಿಟನ್‌ಗೂ ದಾರ ಕಟ್ಟಿರಲಿಲ್ಲ, ಕವಚದೊಳಗೆ ತಾನೆ ಇರುವುದು ಎಂದು. ಬಿಸಿಲು ಬಂದ ಮೇಲೆ ಅತ್ತಿಗೆ ಅದನ್ನು ತೆಗೆದು ಜಿಪ್ ಇಲ್ಲದ ಜೇಬಿಗೆ ತುರುಕಿದರು. ಹಿಮದಲ್ಲಿ ಕೂತು ಜಾರುತ್ತಾ ಇಳಿದರು. ಕೆಳಗೆ ಬಂದು ನೋಡಿದರೆ ಬಲಗೈಯದು ಇಲ್ಲ. ಇಳಿಯುವಾಗ ತೆಳು ಗ್ಲೌಸ್ ಮೇಲೆ ಕವಚವೇ ಸಾಕಾಗಿತ್ತು, ಪುಣ್ಯ.

ಈಗ ಡೈರಿಗೆ ಹೋಗುವಾಗ ತೆಳುವಿನ ಮೇಲೆ ಆ ಕವಚವನ್ನೇ ಹಾಕಿಕೊಂಡು ಸ್ಕೂಟಿ ಓಡಿಸುತ್ತಾರೆ. ಬ್ರೇಕ್ ಹಿಡಿಯಲು ಮಿಟನ್ ಸರಿಯಲ್ಲ ಎಂದು ಹೇಳಿ ಸಾಕಾಗಿದೆ. ಈ ಚಳಿಗಾಲಕ್ಕೆ ಬೆರಳಿರುವ ಬೈಕ್ ಗ್ಲೌಸ್ ತೆಗೆದುಕೊಡಬೇಕು, ಸೈಜು ಎಂಟು. ಉಳಿದ ಒಂದು ಕಂಬಳಿ ಮಿಟನ್ ಬಚ್ಚಲೊಲೆ ಪಕ್ಕದ ಮೊಳೆಗೆ ನೇತಾಡುತ್ತಿದೆ. ಅಮ್ಮ ಅದನ್ನು ಹಾಕಿಕೊಂಡು ಎಡಗೈಯಲ್ಲಿ ಹಂಡೆಯ ಮುಚ್ಚಳ ಎತ್ತುತ್ತಾರೆ.